ನನ್ನದಲ್ಲದ ನಾಲ್ಕು ಸಾಲ

ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ! ಮುದ್ರಣಾಲಯದಲ್ಲಿ ಕರಡು ತಿದ್ದುವುದೇ ನನ್ನ ಕಸುಬು. ನನ್ನ ಕೆಂಪು ಪೆನ್ನು ಕಂಡರೆ ಘನವಿದ್ವಾಂಸರ ವಾಕ್ಯಗಳೂ ಗಡಗಡ ನಡುಗುತ್ತವೆ. ಇಂಥವನ ಸಾಲದ ಜಾತಕ ಹೇಳುವ ಕ್ರೆಡಿಟ್ ರಿಪೋರ್ಟಿನಲ್ಲೇ ಒಂದು ತಪ್ಪು ಬಂದು ಕೂತಿತ್ತು ಎಂದರೆ ಅದರ ಎದೆಗಾರಿಕೆ ಎಷ್ಟಿರಬೇಕು!

ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಗೆ ಕಿಟಕಿಯಿಲ್ಲ. ನನ್ನವಳು ಹಗಲಲ್ಲೂ ದೀಪ ಹಾಕಿಕೊಂಡೇ ತರಕಾರಿ ಹೆಚ್ಚಬೇಕು. ದೊಡ್ಡ ಕಿಟಕಿಯ ಪುಟ್ಟ ಮನೆಯೊಂದನ್ನು ನೋಡಿ ಬಂದಾಗಿನಿಂದ ಅವಳಿಗೆ ಅದರದ್ದೇ ಧ್ಯಾನ. ಇಬ್ಬರ ಹೆಸರಲ್ಲೂ ಸಾಲಕ್ಕೆ ಅರ್ಜಿ ಹಾಕಿದೆವು. ಬ್ಯಾಂಕಿನ ಮೇಡಂ ನನ್ನ ರಿಪೋರ್ಟ್ ನೋಡಿ, "ನಿಮ್ಮ ಓದಿನ ಸಾಲ ಬಾಕಿ ಅಂತ ತೋರಿಸ್ತಿದೆಯಲ್ಲ ಸರ್. ಸರಿಮಾಡಿಸ್ಕೊಂಡು ಬನ್ನಿ" ಎಂದರು.

ಬಾಕಿಯೇ! ಆ ಸಾಲವನ್ನು ನಾನು ಹೊಟ್ಟೆಬಟ್ಟೆ ಕಟ್ಟಿ, ಒಂದು ಕಂತೂ ತಪ್ಪಿಸದೆ ತೀರಿಸಿದ್ದೆ. ಮನೆಗೆ ಬಂದು ರಿಪೋರ್ಟ್ ಹರವಿಕೊಂಡು ನೋಡಿದರೆ, ಸಾಲ ಒಂದಲ್ಲ, ನಾಲ್ಕು!

"ನೋಡೇ, ನಾನು ಮಾಡಿದ್ದು ಒಂದೇ ಸಾಲ. ಯಾವನೋ ಖದೀಮ ನನ್ನ ಹೆಸರಲ್ಲಿ ನಾಲ್ಕು ಎತ್ತಿದಾನೆ!"

ನನ್ನವಳದು ಔಷಧಿ ಅಂಗಡಿ. ಚೀಟಿ ಪೂರ್ತಿ ಓದದೆ ಅವಳು ಮಾತ್ರೆ ಕೊಡುವವಳಲ್ಲ. ಇದನ್ನೂ ಪೂರ್ತಿ ಓದಿದಳು.

"ಖದೀಮನೂ ಇಲ್ಲ, ಗಿದೀಮನೂ ಇಲ್ಲ ಕಣ್ರೀ. ವರ್ಷ ವರ್ಷ ನಿಮ್ಮ ಫೀಸಿಗೆ ದುಡ್ಡು ಬಂತಲ್ಲ, ಅದನ್ನೇ ಬೇರೆ ಬೇರೆ ಸಾಲ ಅಂತ ಹಾಕಿದಾರೆ. ಮೂರರ ಮುಂದೆ 'ತೀರಿದೆ' ಅಂತಾನೇ ಇದೆ. ಕೊನೇದು ಮಾತ್ರ ತಪ್ಪು. ತೀರಿಸಿದ ಪತ್ರ ಲಗತ್ತಿಸಿ ಅದೊಂದನ್ನ ಸರಿಮಾಡಿಸಿ, ಸಾಕು."

"ನೀನು ಮಾತ್ರೆ ಎಣಿಸು. ತಿದ್ದೋ ಕೆಲಸ ನಂಗೆ ಬಿಡು!"

"ನೆಗಡಿ ಬಂತು ಅಂತ ಮೂಗು ಕೊಯ್ಕೋಬೇಡಿ, ಅಷ್ಟೇ ನಾನು ಹೇಳೋದು."

ಹೆಂಡತಿಯ ಮಾತು ಕೇಳಿದರೆ ಕೆಂಪು ಪೆನ್ನಿನ ಮಾನ ಉಳಿಯುತ್ತದೆಯೇ? ಪ್ಯಾರಾ ಹದಗೆಟ್ಟಿದ್ದರೆ ಇಡೀ ಪ್ಯಾರಾವನ್ನೇ ಹೊಡೆದುಹಾಕುವುದು ನನ್ನ ಪದ್ಧತಿ. ರಿಪೋರ್ಟ್ ಕೊಡುವ ಸಂಸ್ಥೆಗೆ ಯುದ್ಧಘೋಷಣೆಯಂಥ ತಕರಾರು ಬರೆದೆ. ನಾಲ್ಕೂ ಸಾಲಗಳ ಎದುರು "ಇದು ನನ್ನದಲ್ಲ" ಎಂದು ಗುಡುಗಿದೆ! ಸಂಸ್ಥೆಯವರು ವಿಚಾರಿಸಿದರೂ ಸಾಲ ಕೊಟ್ಟವರಿಂದ ಗಡುವಿನೊಳಗೆ ಉತ್ತರವೇ ಬರಲಿಲ್ಲ. ಖಚಿತವಾಗದ್ದನ್ನು ಇಡುವಂತಿಲ್ಲವೆಂದು ನಾಲ್ಕೂ ಅಳಿಸಿಹೋದವು! ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬ್ಯಾಂಕಿನ ಮೇಡಂ ಹೊಸ ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸರ್, ಇದರಲ್ಲಿ ಏನೂ ಇಲ್ವಲ್ಲ!"

"ಅದೇ ಮೇಡಂ ಅದರ ಸೊಗಸು!"

"ಸೊಗಸಲ್ಲ ಸರ್. ನೀವು ಸಾಲ ತಗೊಂಡು ನೆಟ್ಟಗೆ ತೀರಿಸ್ತೀರಿ ಅನ್ನೋದಕ್ಕೆ ಇದ್ದ ಸಾಕ್ಷಿನೇ ಅದು. ತಪ್ಪಿದ್ದ ಒಂದನ್ನ ತಿದ್ದಿಸಿದ್ರೆ ಆಗಿತ್ತು. ಈಗ ಯಾವ ನಂಬಿಕೆ ಮೇಲೆ ಸಾಲ ಕೊಡೋದು?"

ಜನ್ಮದಲ್ಲಿ ನಾನು ಮಾಡಿದ ಇನ್ನೊಂದು ಸಾಲವಿಲ್ಲ, ಕ್ರೆಡಿಟ್ ಕಾರ್ಡನ್ನಂತೂ ಕೈಯಲ್ಲೂ ಮುಟ್ಟಿದವನಲ್ಲ. ವರ್ಷಗಟ್ಟಲೆ ಪೈಸೆಪೈಸೆ ತೀರಿಸಿದ ನನ್ನ ಪುಣ್ಯವನ್ನೆಲ್ಲ ನಾನೇ ಹೊಡೆದುಹಾಕಿದ್ದೆ! ಪಕ್ಕದಲ್ಲಿ ಕೂತಿದ್ದ ನನ್ನವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳ ಕಿಟಕಿ ನನ್ನಿಂದಾಗಿಯೇ ಹೋಯಿತಲ್ಲ!

ಅವಳು ಮಾತ್ರ ತಣ್ಣಗೆ ಕೇಳಿದಳು. "ನನ್ನೊಬ್ಬಳ ಹೆಸರಲ್ಲೇ ಆಗುತ್ತಾ ಮೇಡಂ? ಅಂಗಡಿ ಸಾಲ ತೀರಿಸಿದ್ದು ನನ್ನ ರಿಪೋರ್ಟಲ್ಲಿ ಇದೆಯಲ್ಲ."

ಮೇಡಂ ಅವಳ ರಿಪೋರ್ಟ್ ಓದಿದರು, ಮುಖ ಅರಳಿತು. "ಧಾರಾಳವಾಗಿ ಆಗುತ್ತೆ! ಸರ್ ಕೂಡ ಆ ಮನೇಲೇ ಇರ್ತಾರಲ್ಲ? ಹಾಗಾದ್ರೆ ಮದುವೆ ಪ್ರಮಾಣಪತ್ರದ ಒಂದು ಪ್ರತಿ ಬೇಕು."

ಏನಾದರೂ ಉಪಯೋಗಕ್ಕೆ ಬರೋಣವೆಂದು ಅವಳ ಚೀಲದಲ್ಲಿದ್ದ ಪ್ರಮಾಣಪತ್ರಕ್ಕೆ ಕೈ ಹಾಕಿದೆ. ಅವಳು ಅದನ್ನು ಫಕ್ಕನೆ ಕಿತ್ತುಕೊಂಡು ಮೇಡಂ ಕೈಗೆ ದಾಟಿಸಿದಳು.

"ಇದನ್ನ ನೀವೇ ಇಟ್ಕೊಳ್ಳಿ ಮೇಡಂ. ಇವರ ಕೈಗೆ ಸಿಕ್ಕಿದ್ರೆ 'ಇದು ನನ್ನದಲ್ಲ' ಅಂತ ಬರೆದುಬಿಟ್ಟಾರು!"