ಫರಸಿ ಕಲ್ಲಿನ ಅಚ್ಚು, ಮಾಲಕರ ಗುಮಾನಿ

ಆಕಳ ಚಿತ್ರ ಬರೆದವನಿಗೆ ಜನ ಚಾ ಕುಡಿಸ್ತಾರ. ಏನೂ ಇಲ್ಲದ ಚಿತ್ರ ಬರೆದವನ ಹಿಂದ ಬಿದ್ದು, ಇಂವ ಏನೋ ಮುಚ್ಚಿಡಾಕತ್ತಾನ ಅಂತಾರ. ಶಹಾಬಾದ ಸುತ್ತಮುತ್ತ ನನ್ನದು ದಿನಾ ಇದೇ ಹಣೆಬರಹ.

ನನ್ನ ಕೆಲಸ ಇಷ್ಟೇರಿ. ನೆಲಕ್ಕ ಹಾಸಿ, ಮಂದಿ ತುಳಿದು ಸವೆದ ಫರಸಿ ಕಲ್ಲು ಹುಡುಕಿ, ತೊಳೆದು, ರೋಲರಿನಿಂದ ಮಸಿ ಹಚ್ಚಿ, ಮ್ಯಾಲ ಹಸಿ ಕಾಗದ ಹಾಸಿ ಚಮಚದ ಬೆನ್ನಿಲೆ ತಿಕ್ಕೋದು. ಬಿರುಕು ಬೆಳ್ಳಗ ಉಳೀತಾವ, ಮಿಕ್ಕದ್ದು ಕರ್ರಗ ಮೂಡ್ತದ. ಅದ್ರಾಗ ಮರ ಇಲ್ಲ, ಮನುಷ್ಯ ಇಲ್ಲ. ಗುಮಾನಿ ಅಲ್ಲಿಂದನ ಶುರು.

ಚಿತ್ತಾಪುರದ ಚಾದಂಗಡಿ

ಅಂಗಡಿ ಮುಂದಿನ ಕಲ್ಲು ಭಾಳ ಚಂದ ಸವೆದಿತ್ತು. ಅಳತಿ ಪಟ್ಟಿ ಹಿಡಿದು ಕುಂತೆ. ಅಂಗಡಿಯವರು ಚಾ ಸೋಸೋದು ಬಿಟ್ಟು ಬಂದ್ರು.

"ಎಷ್ಟು ಫೂಟ್ ಹೋಗ್ತದ್ರಿ?"

"ಏನು ಹೋಗೋದು?"

"ರಸ್ತಾ ಅಗಲ ಮಾಡಾಕ ಬಂದೀರಲ್ಲ."

"ನಾ ಚಿತ್ರ ಮಾಡಾಂವರಿ."

"ಹೋದ ಸಲ ಅಳ್ಯಾಕ ಬಂದವ್ರೂ ಸುಮ್ನ ನೋಡಾಕ ಬಂದೀವಿ ಅಂದಿದ್ರು."

ಅಚ್ಚು ತೆಗೆದು ತೋರಿಸಿದೆ. ಬಿರುಕಿನ ಗೆರಿ ಮ್ಯಾಲ ಬೆರಳಿಟ್ಟು, "ಇಲ್ಲಿ ತನಕಾ?" ಅಂದ್ರು. ಮರೆತು ಬಂದ ರೋಲರ್ ತರಾಕ ಮರುದಿನ ಹೋದ್ರ, ಆ ಸಾಲಿನ ಎಲ್ಲಾ ಅಂಗಡಿಯವರು ತಮ್ಮ ತಗಡಿನ ಚಪ್ಪರ ಮೂರು ಫೂಟ್ ಹಿಂದ ಸರಿಸಿದ್ರು.

ಮಾಲಕರ ಅವ್ವ

ನಾ ಬಾಡಿಗಿ ಇರೋ ಮನಿಯ ಪಡಸಾಲಿ ಮೂರು ತಲೆಮಾರು ತುಳಿದದ್ದು. ಪೂರಾ ನೆಲದ ಐದು ಅಚ್ಚು ಕೊಡ್ತೀನಂತ ಕಲಬುರಗಿಯ ಪ್ರದರ್ಶನಕ್ಕ ಮಾತು ಕೊಟ್ಟಿದ್ದೆ. ಹತ್ತು ವರ್ಷಕ್ಕ ಸಿಕ್ಕ ಪ್ರದರ್ಶನ, ಕಲ್ಲಿನ ಮ್ಯಾಲ ಜೀವ ಇಟ್ಟಿದ್ದೆ. ಮೊದಲನೇ ಅಚ್ಚು ಒಣಗಾಕ ಹಾಕಿದಾಗ ಮಾಲಕರ ಅವ್ವ ಬಂದ್ರು.

"ಏನದನಪ್ಪಾ ಇದ್ರಾಗ?"

"ಏನೂ ಇಲ್ಲ ಯವ್ವಾ."

"ಏನೂ ಇಲ್ಲದ್ದಕ್ಕ ಬಾಗಿಲಾ ಯಾಕ ಹಾಕ್ಕೊಂಡಿದ್ದಿ?"

ಧೂಳ ಬರ್ತದಂತ ಅಂದೆ. ಅವ್ರು ನಂಬಲಿಲ್ಲ. ಅಚ್ಚಿನ ಎಡಕ್ಕ ಬಿರುಕೆಲ್ಲಾ ಬಂದು ಕೂಡೋ ಜಾಗ ನೋಡಿದ್ರು, ಆಮ್ಯಾಲ ಮಗನ್ನ ಕೂಗಿದ್ರು.

"ನಮ್ಮ ಮಾವ ಸಾಯೋ ಮುಂದ ಇದೇ ನೆಲಕ್ಕ ಬೊಟ್ಟು ಮಾಡಿದ್ರಲ್ಲೋ. ನಾವು ನೀರು ಕೇಳಾಕತ್ತಾರಂತ ಕುಡಿಸಿದ್ವಿ."

ಉಲ್ಟಾ

ಮಾಲಕರು ಅಚ್ಚಿನ ಫೋಟೋ ಮೊಬೈಲದಾಗ ತಕ್ಕೊಂಡ್ರು. "ಚಂದ ಅದ" ಅಂದ್ರು. ಅವ್ರು ನನ್ನ ಚಿತ್ರ ಹೊಗಳಿದ್ದು ಅದೇ ಮೊದಲು. ಆಗಲೇ ನನಗ ಸಂಶಯ ಬರಬೇಕಿತ್ತು.

ಕಾಗದ ತರಾಕ ಸೇಡಂಗೆ ಹೋಗಿ ಬರೋದ್ರಾಗ ಪಡಸಾಲಿಯ ಎಡ ಮೂಲಿ ಕಲ್ಲು ಕಿತ್ತು ಮೊಣಕಾಲುದ್ದ ಅಗೆದಿದ್ರು. ಪುಣ್ಯಕ್ಕ ಕಲ್ಲು ಒಡೆದಿರಲಿಲ್ಲ, ತಿರುಗಿ ಕೂಡಿಸಬೋದಿತ್ತು. ನನಗ ಮೈಯೆಲ್ಲಾ ಉರೀತು.

"ಮಾಲಕ್ರ, ಇದು ನಿಧಿ ನಕ್ಷೆ ಅಲ್ರಿ. ಕಾಗದ ಕಲ್ಲಿನ ಮ್ಯಾಲ ಬೋರಲಾಗಿ ಬೀಳ್ತದ. ಅಚ್ಚಿನಾಗ ಎಡಕ್ಕ ಕಂಡದ್ದು ನೆಲದಾಗ ಬಲಕ್ಕ ಇರ್ತದ. ನಕ್ಷೆ ಆಗಿದ್ರ ಯಾರಾದ್ರೂ ಉಲ್ಟಾ ಬರೀತಾರೇನ್ರಿ?"

ಅವ್ರು ಕ್ಷಮಾ ಕೇಳಿದ್ರು. ಕಲ್ಲು ತಾವೇ ಕೂಡಿಸಿಕೊಟ್ರು. ತಿಳೀತು ಅಂದ್ಕೊಂಡು ನಾ ನೆಮ್ಮದಿಲೆ ವಾಡಿಗೆ ಮಸಿ ತರಾಕ ಹೋದೆ.

ತಿರುಗಿ ಬಂದಾಗ ಬಲ ಮೂಲ್ಯಾಗ ಮಾಲಕರು ಸೊಂಟದ ತನಕ ತಗ್ಗಿನಾಗ ನಿಂತಿದ್ರು. ಬಿರುಕೆಲ್ಲಾ ಕೂಡೋ ನನ್ನ ಕಲ್ಲು ಪಕ್ಕಕ್ಕ ನಾಲ್ಕು ತುಂಡಾಗಿ ಬಿದ್ದಿತ್ತು. ಇನ್ನು ನಾಲ್ಕು ಅಚ್ಚು ಬರೋದಿಲ್ಲ, ಪ್ರದರ್ಶನ ಮುಗೀತು. ದಾರಿ ತೋರಿಸಿದ್ದು ನನ್ನ ಬಾಯಿನೇ. ಅಳು ಬಂತು, ಹೊಸ್ತಿಲ ಮ್ಯಾಲ ಕುಂತುಬಿಟ್ಟೆ.

ಮಾಲಕರು ಮೊಬೈಲ್ ತಿರುವಿ ತಿರುವಿ ನೋಡಿ, ಹಣಿ ಒರೆಸ್ಕೊಂಡು ಮೆಲ್ಲಗ ಕೇಳಿದ್ರು:

"ಸಿಟ್ಟಾಗಬ್ಯಾಡ್ರಿ ಸರ್. ಅಚ್ಚಿನಾಗ ಮ್ಯಾಲಿಂದು ಕೆಳಗೂ ಆಗ್ತದೇನ್ರಿ?"