ನನ್ನ ಮೌನಕ್ಕೆ ಒಬ್ಬ ಅಧ್ಯಕ್ಷರು

ದೇವರನ್ನು ನಂಬುವವರ ಜೊತೆ ಬಾಳಬಹುದು, ನಂಬದವರ ಜೊತೆಯೂ ಬಾಳಬಹುದು. ನಾವು ಏನನ್ನು ನಂಬುತ್ತೇವೆ ಎಂದು ಬಾಗಿಲು ಬಡಿದು ವಿಚಾರಿಸುವವರ ಜೊತೆ ಬಾಳುವುದು ಮಾತ್ರ ಕಷ್ಟ. ಇದನ್ನು ಸಮಾಧಾನದಿಂದ ಬರೆಯಬೇಕೆಂದು ಕೂತೆ. ಮೊದಲ ಸಾಲಿಗೇ ಪೆನ್ನಿನ ಮೊನೆ ಹಾಳೆಯನ್ನು ಹರಿಯಿತು. ಹಾಳೆ ಬದಲಿಸಿದ್ದೇನೆ, ಸಿಟ್ಟನ್ನು ಬದಲಿಸಲು ಆಗಿಲ್ಲ. ಓದುವವರು ಕ್ಷಮಿಸಬೇಕು.

ದೇವರ ಮೇಲೆ ನನಗೆ ದ್ವೇಷವೇನೂ ಇಲ್ಲ. ದ್ವೇಷ ಬೆಳೆಯುವಷ್ಟು ಒಡನಾಟವೂ ಇಲ್ಲ. ನಮ್ಮ ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖ ನೋಡುವುದು ನನಗೆ ಇಷ್ಟ. ಅವರು ಒಂದು ದಿನವೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹೋದವರಲ್ಲ, ನಾನೂ ಅದೇನು ಎಂದು ಕೇಳಿದವಳಲ್ಲ. ಒಂದೇ ಮನೆಯಲ್ಲಿ ಅತ್ತೆ ಸೊಸೆ ಇಷ್ಟು ವರ್ಷ ಜಗಳವಿಲ್ಲದೆ ಇರುವುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ. ಅಡುಗೆಮನೆಯ ಜಗಳ ಬೇರೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ನನ್ನ ಕೆಲಸ ಹರಿಹರದ ಟೆಲಿಫೋನ್ ಕಚೇರಿಯಲ್ಲಿ. ಅಲ್ಲಿ ನನ್ನ ಪಾಲಿಗೆ ಬಂದದ್ದು ದೂರು ಕೇಳುವ ಕುರ್ಚಿ. ತೊಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಮನೆಮನೆಗೂ ಹೊಸದಾಗಿ ಫೋನ್ ಬರುತ್ತಿತ್ತು. ಬಂದ ಫೋನು ಜೋರು ಮಳೆಗೆ ಸಾಯುತ್ತಿತ್ತು, ಯಾರಾದರೂ ರಸ್ತೆ ಅಗೆದರೆ ಸಾಯುತ್ತಿತ್ತು. ಸತ್ತ ಫೋನಿನವರು ಪಕ್ಕದಂಗಡಿಯ ಬದುಕಿದ ಫೋನಿನಿಂದ ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದರು. “ನಮ್ ಫೋನ್ ಡೆಡ್ ಆಗೈತ್ರಿ, ನೀವೇನು ಅಲ್ಲಿ ನಿದ್ದಿ ಮಾಡ್ತೀರೇನು?” ಬೆಳಗಿನ ಪಾಳಿ ಮುಗಿಯುವ ಹೊತ್ತಿಗೆ ತಾಲ್ಲೂಕಿನ ಅರ್ಧ ಜನ ನನ್ನ ಕಿವಿಯೊಳಗೆ ಚಪ್ಪಲಿ ಹಾಕಿಕೊಂಡೇ ಓಡಾಡಿದಂತಿರುತ್ತಿತ್ತು.

ಇಂಥ ದಿನಗಳಲ್ಲೇ ನನ್ನ ತಂಗಿ ನಿರ್ಮಲ ತೀರಿಕೊಂಡಳು. ಜ್ವರ ಬಂತು, ತಲೆಗೇರಿತು ಅಂದರು, ಒಂದು ವಾರದೊಳಗೆ ಹೋದಳು. ನನಗಿಂತ ಚಿಕ್ಕವಳು, ನಾನು ಜಡೆ ಹಾಕಿ ಶಾಲೆಗೆ ಕಳಿಸಿದವಳು. ಅವಳು ಹೋದದ್ದು ಒಂದು ದುಃಖವಾದರೆ, ಆಮೇಲೆ ಮನೆಗೆ ಬಂದವರು ಕೊಟ್ಟ ವಿವರಣೆಗಳು ಇನ್ನೊಂದು. ಒಬ್ಬರು ಪೂರ್ವಜನ್ಮದ ಕರ್ಮ ಅಂದರು. ಒಬ್ಬರು ಮನೆಯ ಈಶಾನ್ಯ ಮೂಲೆಯ ನೀರಿನ ತೊಟ್ಟಿಯನ್ನು ದುರುಗುಟ್ಟಿ ನೋಡಿದರು. ಒಬ್ಬರು ಮನೆದೇವರಿಗೆ ಯಾವುದೋ ಹರಕೆ ಬಾಕಿ ಇರಬೇಕು ಅಂದರು. ದೂರದ ಸಂಬಂಧದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, “ಒಳ್ಳೇರ್ನ ದೇವ್ರು ಲಗೂನೆ ಕರ್ಕಂತಾನವ್ವ” ಅಂದರು. ಹಾಗಾದರೆ ಎಂಬತ್ತು ದಾಟಿದ ನಿಮ್ಮ ಬಗ್ಗೆ ದೇವರ ಅಭಿಪ್ರಾಯವೇನು ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಎಲ್ಲರ ಎದುರು ತಲೆಯಾಡಿಸಿದೆ. ಹಾಗೆ ತಲೆಯಾಡಿಸುವುದರಲ್ಲಿ ನನಗೆ ಅಳುವುದಕ್ಕೇ ಪುರಸೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಹೊರಟಾಗ ದಾವಣಗೆರೆಯ ಬಸ್ಸು ಕಣ್ಣೆದುರೇ ಹೊರಟುಹೋಯಿತು. ನಿಲ್ದಾಣದಲ್ಲಿ ನಿಲ್ಲಲು ಮನಸ್ಸಾಗದೆ ಹಾಗೇ ನಡೆದು ಹೊಳೆಯ ದಂಡೆಗೆ ಹೋಗಿ ಕಲ್ಲುಮೆಟ್ಟಿಲ ಮೇಲೆ ಕೂತೆ. ತುಂಗಭದ್ರೆ ತನ್ನ ಪಾಡಿಗೆ ಹೋಗುತ್ತಿದ್ದಳು. ಹೊಳೆ ನನಗೇನೂ ವಿವರಿಸಲಿಲ್ಲ. ಅಷ್ಟೇ ಆದದ್ದು. ಕಣ್ಣು ಮುಚ್ಚಲಿಲ್ಲ, ಉಸಿರು ಎಣಿಸಲಿಲ್ಲ, ಯಾವ ಬೆಳಕೂ ಕಾಣಲಿಲ್ಲ. ಎದ್ದಾಗ ಕೆನ್ನೆ ಒದ್ದೆಯಾಗಿತ್ತು. ಮರುದಿನವೂ ಹೋದೆ. ಆಮೇಲೆ ದಿನಾ ಅರ್ಧ ಗಂಟೆ ಅಲ್ಲಿ ಕೂತು ಬಸ್ಸು ಹತ್ತುವುದು ರೂಢಿಯಾಯಿತು. ಹರಿಹರ ಊರೇ ಅಂಥದ್ದು ನೋಡಿ. ಹರಿ ದೊಡ್ಡವನೋ ಹರ ದೊಡ್ಡವನೋ ಎಂದು ಲೋಕವೆಲ್ಲ ಕಿತ್ತಾಡುತ್ತಿದ್ದರೆ ಇಲ್ಲಿನ ದೇವರು ಅರ್ಧ ಅವನಾಗಿ ಅರ್ಧ ಇವನಾಗಿ ನಿಂತು, ಇನ್ನು ನನ್ನನ್ನು ಬಿಡಿ ಅಂದುಬಿಟ್ಟಿದ್ದಾನೆ. ನನ್ನನ್ನೂ ಈ ಊರಲ್ಲಿ ಯಾರೂ ಏನೂ ಕೇಳಲಾರರು ಎಂದುಕೊಂಡೆ. ಊರಿನವರು ಕೇಳಲಿಲ್ಲ ನಿಜ. ಕೇಳಿದವರು ನಮ್ಮ ಸರಸ್ವತಿ ನಗರದವರು.

ನಮ್ಮ ಎದುರುಮನೆಯ ಗಿರಿಜಕ್ಕ ಒಂದು ದಿನ ಬಸ್ಸಿನಲ್ಲಿ ಸೇತುವೆ ದಾಟುವಾಗ ನನ್ನನ್ನು ಕಂಡರು. ಮೂರ್ನಾಲ್ಕು ದಿನಕ್ಕೆ ಮತ್ತೆ ಕಂಡರು. ಸಂಜೆಯೊಳಗೆ ಸುದ್ದಿ ನಮ್ಮ ಮನೆಯವರ ಬಟ್ಟೆ ಅಂಗಡಿ ತಲುಪಿತು. ಮರುದಿನ ನಾನು ಮೆಟ್ಟಿಲ ಮೇಲೆ ಕೂತಿದ್ದಾಗ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ನಮ್ಮ ಮನೆಯವರು. ಹಾಡುಹಗಲು ಅಂಗಡಿ ಬಿಟ್ಟು, ದಾವಣಗೆರೆಯಿಂದ ಸ್ಕೂಟರಿನಲ್ಲಿ ಬಂದು, ಒಂದು ಮರದ ಮರೆಯಲ್ಲಿ ನಿಂತಿದ್ದಾರೆ. ಮರ ಸಣ್ಣದು, ಅವರು ದೊಡ್ಡವರು.

“ಏನ್ರಿ, ಇಲ್ಲಿ?” ಅಂದೆ.

“ಏನಿಲ್ಲ, ಈ ಕಡೆ ಕೆಲ್ಸ ಇತ್ತು.”

“ಹೊಳ್ಯಾಗೇನ್ ಕೆಲ್ಸ?”

ಅವರ ಮುಖ ಸಣ್ಣದಾಯಿತು. “ಗಿರಿಜಕ್ಕ ಹೇಳಿದ್ಲು. ನೀನು ದಿನಾ ಒಬ್ಬಾಕೆನೇ ನೀರು ನೋಡ್ಕಂತ ಕುಂತಿರ್ತೀಯಂತೆ. ಎದೆ ಝಲ್ ಅಂತು ನಂಗೆ.”

ಅವರು ಹೆದರಿದ್ದು ಯಾವುದಕ್ಕೆಂದು ಆಗ ಗೊತ್ತಾಯಿತು. ಸಿಟ್ಟೂ ಬಂತು, ಕರುಳೂ ಚುರ್ರೆಂದಿತು. ಇಲ್ಲಿ ಕೂತರೆ ಮನಸ್ಸಿಗೆ ಒಂದಿಷ್ಟು ಹಗುರಾಗುತ್ತದೆ, ಬೇರೇನಿಲ್ಲ ಎಂದು ತಿಳಿಸಿ ಹೇಳಿದೆ. ಅವರು, “ಹಂಗಾರೆ ಧ್ಯಾನ ಅನ್ನು” ಅಂದರು. ಹೆಂಡತಿ ಹೊಳೆದಂಡೆಯಲ್ಲಿ ಕೂರುತ್ತಾಳೆ ಎಂದು ನಾಲ್ಕು ಜನರಿಗೆ ಹೇಳಲಾಗುವುದಿಲ್ಲ, ಹೆಂಡತಿ ಧ್ಯಾನ ಮಾಡುತ್ತಾಳೆ ಎಂದು ಹೇಳಬಹುದು. ಹೇಳಿದರು ಕೂಡ. ಹೇಳಿದ್ದು ರಾಜಶೇಖರಪ್ಪನವರಿಗೆ.

ರಾಜಶೇಖರಪ್ಪನವರು ನಿವೃತ್ತ ಪ್ರಿನ್ಸಿಪಾಲರು. ಬಿಳಿ ಪಂಚೆ, ಬಿಳಿ ಜುಬ್ಬ, ಸದಾ ತುಟಿಯ ಮೇಲೊಂದು ಮುಗುಳ್ನಗೆ. ನಮ್ಮ ಬಡಾವಣೆಯಲ್ಲಿ ಮೂರು ಜನ ಒಂದೇ ಕಡೆ ನಿಂತು ಕೆಮ್ಮಿದರೆ ಕೆಮ್ಮುವವರ ಸಂಘ ಕಟ್ಟಿ, ತಾವೇ ಅಧ್ಯಕ್ಷರಾಗಿ, ಮೊದಲ ಕೆಮ್ಮನ್ನು ಉದ್ಘಾಟಿಸುವ ಶಕ್ತಿ ಅವರಿಗಿತ್ತು. ಆ ಸಂಜೆಯೇ ಮನೆಗೆ ಬಂದರು.

“ಯಾವ ಪದ್ಧತಿ ತಾಯಿ ನಿಮ್ದು?” ಅಂದರು.

“ಯಾವ್ದೂ ಇಲ್ಲ ಸರ್. ಹೋಗ್ತೀನಿ, ಇರ್ತೀನಿ, ಬರ್ತೀನಿ.”

“ಗುರುಗಳು?”

“ಇಲ್ಲ ಸರ್.”

“ಗುರು ಇಲ್ದೆ ಹೆಂಗೆ? ದಾರಿ ತಪ್ಪಿದ್ರೆ?”

“ಬಸ್ ಸ್ಟ್ಯಾಂಡಿಂದ ಹೊಳಿಗೆ ಒಂದೇ ದಾರಿ ಐತಲ್ಲ ಸರ್” ಅಂದೆ. ಅವರು ಅದನ್ನು ಬಹಳ ಆಳವಾದ ಮಾತೆಂದು ತಿಳಿದು ಕಣ್ಣು ಮುಚ್ಚಿ ಮೆಲುಕು ಹಾಕಿದರು. ಒಳಗಿನಿಂದ ಅತ್ತೆ, “ಅಕಿ ಪಾಡಿಗೆ ಅಕೀನ ಬಿಡ್ರಿ ಸರ್” ಅಂದರು. ಆ ಮಾತನ್ನು ಮಾತ್ರ ಅವರು ಕೇಳಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಒಂದು ಟೆಂಪೊ ತುಂಬ ಜನ ಜಮಖಾನೆ, ಚಹಾದ ಫ್ಲಾಸ್ಕು, ಮಂಡಕ್ಕಿಯ ಚೀಲ ಹೊತ್ತು ನನ್ನ ಮೆಟ್ಟಿಲ ಮೇಲೆ ಬಂದಿಳಿದರು. ನಮ್ಮ ಮನೆಯವರೂ ಅದರಲ್ಲೇ ಇದ್ದರು, ಮದುವೆ ದಿಬ್ಬಣದ ಗಂಡಿನಂತೆ ಮುಂದಿನ ಸೀಟಿನಲ್ಲಿ. ನನ್ನನ್ನೂ ಮನೆಯಿಂದಲೇ ಎಬ್ಬಿಸಿ ಹತ್ತಿಸಿಕೊಂಡು ಬಂದಿದ್ದರು. ರಾಜಶೇಖರಪ್ಪನವರು ಮೌನದ ಮಹತ್ವದ ಬಗ್ಗೆ ಮಾತಾಡಲು ಎದ್ದರು. ಮುಕ್ಕಾಲು ಗಂಟೆ ಮಾತಾಡಿದರು. ಮೌನಕ್ಕೆ ಹತ್ತು ನಿಮಿಷ ಉಳಿಯಿತು, ಅದರಲ್ಲೂ ಟೇಪ್ ರೆಕಾರ್ಡರಿನಲ್ಲಿ ಕೊಳಲು. ಕೆಲವೇ ವಾರಗಳಲ್ಲಿ ಅದಕ್ಕೆ ಮೌನ ಸಾಧಕರ ಬಳಗ ಎಂದು ಹೆಸರಾಯಿತು, ಎರಡು ಬಿದಿರು ಗಳಕ್ಕೆ ಕಟ್ಟಿದ ಬಟ್ಟೆಯ ಬ್ಯಾನರ್ ಬಂತು, ಹೆಂಗಸರು ಎಡಕ್ಕೆ ಗಂಡಸರು ಬಲಕ್ಕೆ ಎಂದಾಯಿತು. ಬಿಳಿ ಬಟ್ಟೆ ಕಡ್ಡಾಯವಾಯಿತು. ನಾನು ಹಸಿರು ಸೀರೆಯಲ್ಲಿ ಹೋದ ದಿನ ಗಿರಿಜಕ್ಕ ನನ್ನ ಕಿವಿಯಲ್ಲಿ, “ಸ್ಥಾಪಕರೇ ಹಿಂಗ್ ಮಾಡಿದ್ರೆ ಹೆಂಗೆ ಸರೋಜಾ?” ಅಂದರು. ನಾನು ಸ್ಥಾಪಕಿ ಎಂಬುದು ನನಗೆ ತಿಳಿದದ್ದು ಆಗಲೇ. ಕಣ್ಣು ಮುಚ್ಚದೆ ನೀರು ನೋಡುತ್ತೇನೆಂದು ನನ್ನ ಮೇಲೆ ಇನ್ನೊಂದು ಆಕ್ಷೇಪವಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದರೆ ಅದು ಯಾರಿಗೆ ಕಂಡಿತು ಎಂದು ಕೇಳಿದೆ.

ಇದೆಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದೆ. ವಾರದ ಉಳಿದ ದಿನ ಹೊಳೆ ನನ್ನದೇ ಆಗಿತ್ತಲ್ಲ. ಆದರೆ ಒಂದು ಭಾನುವಾರ ಭಾನುವಳ್ಳಿಯಿಂದ ಒಬ್ಬ ಹೆಂಗಸು ಬಂದಳು. ನನ್ನದೇ ವಯಸ್ಸು. ಹೊಲದ ಕೆಲಸಕ್ಕೆ ಒರಟಾದ ಕೈ, ಕೈಯಲ್ಲಿ ಸೇವಂತಿಗೆ ಹೂವಿನ ಪೊಟ್ಟಣ, ಸೆರಗಿನಲ್ಲಿ ಸುತ್ತಿದ ಒಂದು ಫೋಟೋ. ರಾಜಶೇಖರಪ್ಪನವರು ಅವಳನ್ನು ಮುಂದೆ ಕೂರಿಸಿ, ಎಲ್ಲರಿಗೂ ಕೇಳುವಂತೆ, “ಈ ತಾಯಿ ಮಗನ್ನ ಕಳ್ಕಂಡಾರೆ. ಸರೋಜಮ್ಮನೋರ ಜೊತೆ ಅವರ ತಂಗಿ ಇಲ್ಲಿ ಮಾತಾಡ್ತಾರೆ ಅಂತ ನಾನೇ ಇವ್ರಿಗೆ ಹೇಳಿ ಕರೆಸ್ದೆ. ಇವತ್ತು ಇವ್ರಿಗೂ ಒಂದು ಮಾತು ಕೇಳಿಸ್ಲಿ” ಅಂದರು. ಆ ಹೆಂಗಸು ಫೋಟೋವನ್ನು ನನ್ನ ಕಡೆ ಚಾಚಿದಳು. ಮೀಸೆ ಈಗಷ್ಟೇ ಮೂಡುತ್ತಿದ್ದ ಹುಡುಗ, ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ನಿಂತು ನಗುತ್ತಿದ್ದ.

ನಿರ್ಮಲ ಸತ್ತಾಗ ತಲೆಯಾಡಿಸಿ ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. “ನನ್ನ ತಂಗಿ ಸತ್ತು ಹೋಗ್ಯಾಳ್ರಿ ಸರ್” ಅಂದೆ. “ಅವ್ಳು ಮಾತಾಡಲ್ಲ. ನನ್ ಜೊತೆನೂ ಮಾತಾಡಲ್ಲ, ನಿಮ್ ಜೊತೆನೂ ಮಾತಾಡಲ್ಲ. ಮಾತಾಡಿದ್ರೆ ನಾನ್ಯಾಕ ಇಲ್ಲಿಗೆ ಬಂದು ಅಳ್ತಿದ್ದೆ? ಸತ್ತೋರ ಬಾಯಾಗೂ ನಿಮ್ ಭಾಷಣನೇ ಇಡ್ತೀರಾ?” ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ಈ ಕಡೆ ನೋಡಿದರು. ರಾಜಶೇಖರಪ್ಪನವರು ಮುಗುಳ್ನಗೆ ಬಿಡದೆ ಅಂಗೈ ಎತ್ತಿ, “ಶಾಂತಿ ತಾಯಿ, ಶಾಂತಿ” ಅಂದರು.

“ಇನ್ನೊಂದ್ಸಲ ಶಾಂತಿ ಅಂದ್ರೆ ಈ ಟೇಪ್ ರೆಕಾರ್ಡರ್ ತಗಂಡು ಹೊಳಿಗೆ ಒಗಿತೀನಿ” ಅಂದೆ. ಒಗೆಯುವವಳೇ ಇದ್ದೆ. ನಮ್ಮ ಮನೆಯವರು ಅದನ್ನೆತ್ತಿ ಎದೆಗವುಚಿಕೊಂಡರು. ಅವರ ತೋಳೊಳಗಿಂದ ಕೊಳಲು ಮಾತ್ರ ನಡೆದೇ ಇತ್ತು. ನಾನು ಬ್ಯಾನರಿನ ಗಳಕ್ಕೆ ಕೈ ಹಾಕಿದೆ. ಅದು ಬೀಳುವಾಗ ಎಡಕ್ಕಿದ್ದ ಹೆಂಗಸರೂ ಬಲಕ್ಕಿದ್ದ ಗಂಡಸರೂ ಮೊದಲ ಬಾರಿಗೆ ಒಂದೇ ಕಡೆ ಓಡಿದರು. ಎರಡೇ ನಿಮಿಷದಲ್ಲಿ ಟೆಂಪೊ ಹೊರಟಿತು.

ಆ ಹೆಂಗಸು ಹೋಗಲಿಲ್ಲ. ನನ್ನ ಸಿಟ್ಟಿನ್ನೂ ಇಳಿದಿರಲಿಲ್ಲ, ಆದರೆ ಅವಳ ಮೇಲೆ ಅದನ್ನು ಹೇಗೆ ತೋರಿಸುವುದು? “ನೋಡವ್ವ, ನಂಗೇನೂ ಗೊತ್ತಿಲ್ಲ. ಇಲ್ಲಿ ಏನೂ ಕೇಳ್ಸಲ್ಲ” ಅಂದೆ.

“ಹೌದೇನ್ರಿ” ಅಂದಳು. ಫೋಟೋವನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು. “ಹಂಗಾರೆ ಇಲ್ಲೇ ಒಂಚೂರು ಕುಂತು ಹೋಗ್ತೀನಿ. ಹುಡ್ಗ ಹೋದಾಗಿಂದ ಎಲ್ರೂ ಏನಾರ ಒಂದು ಹೇಳ್ತಾನೇ ಅದಾರ್ರಿ.”

ಇಬ್ಬರೂ ಕೂತೆವು. ಅವಳು ಮಗನ ಹೆಸರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೂವಿನ ಪೊಟ್ಟಣ ಬಿಚ್ಚಿ ಅರ್ಧ ನೀರಿಗೆ ಬಿಟ್ಟಳು, ಇನ್ನರ್ಧ ನನ್ನ ಕೈಗೆ ಕೊಟ್ಟು ಬಸ್ಸಿನ ಹೊತ್ತಾಯಿತೆಂದು ಎದ್ದುಹೋದಳು. ನಾನು ಅವನ್ನು ನೀರಿಗೆ ಬಿಡಲಿಲ್ಲ. ಮುಡಿದುಕೊಂಡು ಮನೆಗೆ ಬಂದೆ. ನಿರ್ಮಲಳಿಗೆ ಸೇವಂತಿಗೆ ಇಷ್ಟ.

ಬಳಗ ನನ್ನನ್ನು ಶಿಸ್ತಿಲ್ಲದವಳೆಂದು ಕೈಬಿಟ್ಟಿತು. ಸ್ಥಾಪಕಿಯಿಲ್ಲದೆ ಅದು ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ಈಗ ಹೊಳೆಯ ಗೊಡವೆಯಿಲ್ಲ, ನಮ್ಮ ಬಡಾವಣೆಯಲ್ಲೇ ಒಂದು ಸಭಾಂಗಣದಲ್ಲಿ ಸೇರುತ್ತಾರೆ. ನನ್ನ ಸಿಟ್ಟಿಗೆ ಕೊನೆಯ ತುಪ್ಪ ಸುರಿದದ್ದು ನಮ್ಮ ಮನೆಯವರು. ಹೆಂಡತಿ ಮಾಡಿದ ಅವಾಂತರಕ್ಕೆ ನಾಚಿ, ಮುಖ ಉಳಿಸಿಕೊಳ್ಳಲೆಂದು ಬಳಗಕ್ಕೆ ಹೋಗುತ್ತಿದ್ದವರು ಅಲ್ಲೇ ನೆಲೆಯಾದರು. ಅದರಿಂದ ಅವರಿಗೆ ನಿಜಕ್ಕೂ ಒಳ್ಳೆಯದಾಗಿಬಿಟ್ಟಿತು. ಅಂಗಡಿಯಲ್ಲಿ ಹುಡುಗರ ಮೇಲೆ ಕೂಗುವುದು ನಿಂತಿತು. ಸಾರಿಗೆ ಉಪ್ಪು ಕಡಿಮೆಯಾದರೆ ಸುಮ್ಮನೆ ಹಾಕಿಕೊಂಡು ಉಣ್ಣತೊಡಗಿದರು. ಆ ಭಾಷಣ, ಆ ಕೊಳಲು, ಆ ಬಿಳಿ ಜುಬ್ಬದಿಂದ ಒಬ್ಬ ಮನುಷ್ಯನಿಗೆ ಸಮಾಧಾನ ಸಿಗಬಹುದೆಂಬುದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೊನ್ನೆ ರಜೆಯ ದಿನ ಬೆಳಿಗ್ಗೆ ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಬಟ್ಟೆಯಿಲ್ಲ, ಕಣ್ಣು ಮುಚ್ಚಿಲ್ಲ, ಪೇಪರೂ ಕೈಯಲ್ಲಿಲ್ಲ. ಕಾಂಪೌಂಡಿನ ಆಚೆ ಬೀದಿ ನೋಡುತ್ತಿದ್ದರು. ಒಳಗೆ ಅವರು ತೆಂಗಿನಕಾಯಿ ತುರಿದುಕೊಡುವುದಿತ್ತು, ಒಲೆಯ ಮೇಲೆ ಬೇಳೆ ಇತ್ತು.

“ಏನ್ ಮಾಡ್ತಿದ್ದೀರಿ?” ಅಂದೆ.

“ಏನಿಲ್ಲ.”

“ಏನಿಲ್ಲ ಅಂದ್ರೆ?”

“ಹಂಗೇ ಕುಂತೀನಿ.”

“ಹಂಗೇ ಯಾಕ ಕುಂತೀರಿ? ಇದೇನು ಹೊಸಾದು? ಬಳಗದಾಗ ಹೇಳ್ಕೊಟ್ರಾ? ಎಷ್ಟೊತ್ತು ಕೂಡ್ರಬೇಕಂತೆ?” ಒಂದರ ಹಿಂದೊಂದು ಕೇಳುತ್ತಲೇ ಹೋದೆ. ಅವರು ಬೇಸರವಿಲ್ಲದೆ ನನ್ನ ಮುಖ ನೋಡಿ, ಮತ್ತೆ ಬೀದಿಯ ಕಡೆ ತಿರುಗಿದರು.

ಒಳಗೆ ಪೂಜೆ ಮುಗಿಸಿ ಏಳುತ್ತಿದ್ದ ಅತ್ತೆ ಕೇಳಿದರು, “ಸರೋಜಾ, ನಿಂದು ಯಾವ ಸಂಘನವ್ವ?”

ದಡದಡ ಒಳಗೆ ಹೋದೆ. ಕಾಯಿ ನಾನೇ ತುರಿದೆ, ಜೊತೆಗೆ ಹೆಬ್ಬೆರಳೂ ಒಂದಿಷ್ಟು ಹೋಗುವಷ್ಟು ಸಿಟ್ಟಿನಲ್ಲಿ.