ಭಾವನವರ ಮಂಗಳವಾರ, ಶನಿವಾರ

ನಮ್ಮ ಭಾವನವರಿಗೆ ಈ ಪ್ರಪಂಚದಲ್ಲಿ ಇಬ್ಬರೇ ಶತ್ರುಗಳು. ಒಬ್ಬ, ಟಿವಿ ಕುಸ್ತಿಯಲ್ಲಿ ಮೋಸದಿಂದ ಗೆದ್ದು ಪಟ್ಟವನ್ನು ಹೆಗಲ ಮೇಲೆ ಹಾಕಿಕೊಂಡು ಮೆರೆಯುವ ಗಡ್ಡದ ಚಾಂಪಿಯನ್. ಇನ್ನೊಬ್ಬ, ನಾನು. ಚಾಂಪಿಯನ್ ಅಮೆರಿಕದಲ್ಲಿರುವುದರಿಂದ ಅವನ ಪಾಲಿನ ಬೈಗುಳವೂ ನನಗೇ ಬರುತ್ತದೆ!

ಭಾವ ಎಂದರೆ ನಮ್ಮ ಅಕ್ಕನ ಯಜಮಾನರು. ಭದ್ರಾವತಿಯ ಕಾಗದನಗರದಲ್ಲಿ ವಾಸ, ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾನು ಶಿವಮೊಗ್ಗದಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಾಲ್ಕೂವರೆಗೆ ಏಳುವುದು, ಐದಕ್ಕೆ ವಾಕಿಂಗ್, ಆರಕ್ಕೆ ಸ್ನಾನ, ಏಳಕ್ಕೆ ತಿಂಡಿ. ನಾನು ವಾಕಿಂಗ್ ಮುಗಿಸಿ ಬರುವುದನ್ನು ನೋಡಿಯೇ ನಮ್ಮ ಬೀದಿಯಲ್ಲಿ ಹಾಲು ಒಲೆಗೇರುತ್ತದೆ. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದು ಹೇಳಿದೆ.

ಭಾವ ನೋಡುವುದು ನಮ್ಮ ಗರಡಿಯ ಕುಸ್ತಿಯಲ್ಲ. ಬಣ್ಣದ ದೀಪ, ಹೊಗೆ, ಹಾಡುಗಳ ನಡುವೆ ದೈತ್ಯರು ನಡೆದು ಬಂದು ಒಬ್ಬರನ್ನೊಬ್ಬರು ಎತ್ತಿ ಎಸೆಯುವ ಅಮೆರಿಕದ ಕುಸ್ತಿ. ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುವ ಕುಸ್ತಿ. ಅಲ್ಲಿ ರಾತ್ರಿ ಆಟ ಶುರುವಾದಾಗ ನಮಗೆ ಬೆಳಗಿನ ಐದೂವರೆ. ಹಾಗಾಗಿ ಪ್ರತಿ ಮಂಗಳವಾರ, ಶನಿವಾರ ಭಾವ ಐದಕ್ಕೆಲ್ಲ ಎದ್ದು, ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಟಿವಿ ಮುಂದೆ ಕೂರುತ್ತಿದ್ದರು. ಕೆಲಸದಲ್ಲಿದ್ದಷ್ಟು ಕಾಲ ಮಿಲ್ಲಿನ ಸೈರನ್ನಿಗೂ ಏಳದ ಮನುಷ್ಯ!

"ಕುಸ್ತಿ ನೋಡೋಕೆ ಸ್ನಾನ ಯಾಕೆ ಭಾವ?" ಎಂದು ಒಮ್ಮೆ ಕೇಳಿದೆ.

"ಅಲ್ಲ ಮೇಷ್ಟ್ರೇ, ಅವರು ಅಷ್ಟು ದೂರದಲ್ಲಿ ಮೈಗೆಲ್ಲ ಎಣ್ಣೆ ಹಚ್ಕೊಂಡು, ತಲೆ ಬಾಚ್ಕೊಂಡು ಬರ್ತಾರೆ. ನಾನು ಹಲ್ಲುಜ್ಜದೆ ಕೂತ್ಕೊಳ್ಳೋದಾ?"

ಮಂಗಳವಾರ, ಶನಿವಾರ. ಬೆಳಗಿನ ಜಾವ ಸ್ನಾನ. ಶುಭ್ರವಾದ ಪಂಚೆ. ಎದುರುಮನೆಯಾಕೆ ಇದನ್ನೆಲ್ಲ ಕಿಟಕಿಯಿಂದ ಎಷ್ಟೋ ವಾರ ಗಮನಿಸಿದ್ದಾರೆ. ಒಂದು ದಿನ ರಂಗೋಲಿ ಹಾಕುತ್ತಿದ್ದ ಅಕ್ಕನ ಹತ್ತಿರ ಬಂದು, "ನಿಮ್ಮೋರದ್ದು ಎಂಥಾ ನಿಷ್ಠೆ ಕಣ್ರೀ! ನಮ್ಮೋರು ಏಳು ಗಂಟೆಗೂ ಮಗ್ಗಲು ಬದಲಾಯ್ಸಲ್ಲ. ಯಾವ ವ್ರತ ಇದು?" ಎಂದು ಕೇಳಿದರು.

ಅದೇ ಹೊತ್ತಿಗೆ ಒಳಗಿನಿಂದ ವ್ರತಸ್ಥರ ದನಿ ಕೇಳಿತು: "ಬಿಡ್ಬೇಡ ಅವನ್ನ! ಕುತ್ತಿಗೆ ಹಿಡಿ, ಕುತ್ತಿಗೆ!"

ಅಕ್ಕ ತಲೆ ಎತ್ತದೆ, ರಂಗೋಲಿಯ ಎಳೆ ಕದಲಿಸದೆ ಹೇಳಿದಳು: "ಆಂಜನೇಯಂದು."

ಅಂದಿನಿಂದ ಪ್ರತಿ ಶನಿವಾರ ಎದುರುಮನೆಯಿಂದ ಒಂದು ಬಟ್ಟಲು ಕೋಸಂಬರಿ ಬರತೊಡಗಿತು. ಭಾವ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಸುಳ್ಳು ಹೇಳಿ ಕೋಸಂಬರಿ ತಿನ್ನುವುದೇ ಎಂದು ನಾನು ಗದರಿದರೆ, "ಸುಳ್ಳೆಲ್ಲಿ ಬಂತು? ಗರಡಿಮನೆ ಗೋಡೆ ಮೇಲೆ ಯಾರ ಪಟ ಇರುತ್ತೆ ಹೇಳು ನೋಡಣ?" ಎಂದರು. ಡ್ರಿಲ್ ಮೇಷ್ಟ್ರಿಗೆ ಉತ್ತರ ಗೊತ್ತಿತ್ತು.

ಮೊನ್ನೆ ಮೊನ್ನೆ ಈ ಕುಸ್ತಿ ಟಿವಿ ಚಾನೆಲ್ ಬಿಟ್ಟು ಮೊಬೈಲಿನ ಆ್ಯಪಿಗೆ ಹೋಯಿತು. ಭಾವನ ಮನೆಯಲ್ಲಿ ಸೂತಕದ ಕಳೆ! ಪಕ್ಕದ ಬೀದಿಯ ಬೈಕ್ ಮೆಕ್ಯಾನಿಕ್ ಸಾಬರು ಬಂದು ಮೊಬೈಲನ್ನು ಟಿವಿಗೆ ಜೋಡಿಸಿಕೊಟ್ಟರು. ಜೋಡಿಸಿದವರು ಎದ್ದು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಅವರೂ ಅಭಿಮಾನಿಯೇ! ಆದರೆ ಗಡ್ಡದವನ ಪಕ್ಷ.

"ಅವನು ಮೋಸ ಮಾಡಿ ಗೆಲ್ತಾನಲ್ರೀ ಸಾಬ್ರೇ!"

"ಮೋಸ ಮಾಡೋಕೂ ಅಕಲ್ ಬೇಕು ಸಾರ್. ನಿಮ್ಮೋನು ವಾರ ವಾರ ಹಿಂದಿನಿಂದ್ಲೇ ಹೊಡೆಸ್ಕೊತಾನೆ, ಒಂದು ಸಲಾನಾದ್ರೂ ತಿರುಗಿ ನೋಡಿದಾನಾ? ನಾನು ಗಾಡಿ ರಿಪೇರಿ ಮಾಡಿದ್ರೆ ಎರಡು ಕನ್ನಡಿ ಹಾಕೇ ಕಳಿಸ್ತೀನಿ!"

ಭಾವ ಎರಡು ದಿನ ಸಾಬರ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಮಂಗಳವಾರ, ಮೊಬೈಲು ಜೋಡಿಸಬೇಕಿತ್ತು. ರಾಜಿಯಾದರು.

ಭಕ್ತಿ ಇದೆ ಎಂದು ಭಾವ ಕಣ್ಣು ಮುಚ್ಚಿಕೊಂಡು ನೋಡುತ್ತಾರೆಂದು ತಿಳಿಯಬೇಡಿ. ಈಗಿನ ಕುಸ್ತಿಯ ಬಗ್ಗೆ ಅವರಿಗಿರುವಷ್ಟು ದೂರುಗಳು ನಗರಸಭೆಯ ಮೇಲೆ ನನಗೂ ಇಲ್ಲ. ಮಾತು ಜಾಸ್ತಿಯಾಯಿತು, ಹೊಡೆತ ಕಡಿಮೆಯಾಯಿತು ಎಂಬುದು ಮೊದಲನೆಯದು. "ಮೈಕ್ ಕೊಟ್ರೆ ಇಪ್ಪತ್ತು ನಿಮಿಷ ಭಾಷಣ ಬಿಗೀತಾನೆ. ಇವನೇನು ಕುಸ್ತಿಗೆ ಬಂದಿದಾನೋ, ಚುನಾವಣೆಗೆ ನಿಂತಿದಾನೋ?" ಅಖಾಡದ ನೆಲದ ತುಂಬ ಜಾಹೀರಾತು ಬರೆದಿರುವುದರಿಂದ ಬಿದ್ದವನು ಯಾವ ತಂಪು ಪಾನೀಯದ ಮೇಲೆ ಬಿದ್ದ ಎಂದು ಹುಡುಕಬೇಕಾಗಿದೆಯಂತೆ. ಚಾಂಪಿಯನ್ ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ: "ನಮ್ಮ ಮಿಲ್ಲಾಗಿದ್ರೆ ಮೆಮೊ ಕೊಟ್ಟು ಗೇಟಿನ ಹೊರಗೆ ನಿಲ್ಲಿಸ್ತಿದ್ರು!" ಇನ್ನು, ಪಂದ್ಯದ ಕರಾರಿಗೆ ಸಹಿ ಹಾಕುವ ಶಾಸ್ತ್ರ. ಇಬ್ಬರನ್ನೂ ಎದುರು ಬದುರು ಕೂರಿಸಿ ನಡುವೆ ಮೇಜು ಇಡುತ್ತಾರೆ. ಸಹಿ ಮುಗಿಯುವುದರೊಳಗೆ ಒಬ್ಬ ಇನ್ನೊಬ್ಬನನ್ನು ಎತ್ತಿ ಅದೇ ಮೇಜಿನ ಮೇಲೆ ಕುಕ್ಕಿ, ಮೇಜು ಎರಡು ತುಂಡು. "ಇಷ್ಟು ವರ್ಷದಲ್ಲಿ ಒಂದೇ ಒಂದು ಮೇಜು ಉಳಿದಿಲ್ಲ ಮಾರಾಯ. ನೆಲದ ಮೇಲೆ ಚಾಪೆ ಹಾಕಿ ಸಹಿ ಹಾಕ್ಸೋಕೆ ಏನು ರೋಗ?" ಹೆಣ್ಣುಮಕ್ಕಳ ಕುಸ್ತಿಯೇ ಈಗ ಗಂಡಸರದ್ದಕ್ಕಿಂತ ಚೆನ್ನಾಗಿದೆ ಎಂಬುದು ಅವರ ಖಚಿತ ಅಭಿಪ್ರಾಯ. ಇದೊಂದರಲ್ಲಿ ಅಕ್ಕನೂ ಅವರ ಪಕ್ಷ.

ಒಮ್ಮೆ, ಎಷ್ಟೋ ವರ್ಷದಿಂದ ಒಳ್ಳೆಯವನಾಗಿದ್ದ ಹಳೆಯ ಜಟ್ಟಿಯೊಬ್ಬ ಇದ್ದಕ್ಕಿದ್ದಂತೆ ಗೆಳೆಯನಿಗೇ ಹೊಡೆದು ಕೆಟ್ಟವನಾಗಿಬಿಟ್ಟ. ಭಾವ ಉಪ್ಪಿಟ್ಟು ಮುಟ್ಟಲಿಲ್ಲ.

"ಅವನು ಕೆಟ್ಟೋನಾದ್ರೆ ನನ್ನ ಉಪ್ಪಿಟ್ಟೇನ್ರೀ ಮಾಡ್ತು?" ಎಂದು ಅಕ್ಕ.

"ಒಂದು ಕಾರಣ ಬೇಡ್ವೇನೇ? ಮನುಷ್ಯ ಕೆಡ್ಲಿ, ಬೇಡ ಅನ್ನಲ್ಲ. ಕಾರಣ ಹೇಳಿ ಕೆಡ್ಬೇಕು."

"ಇದೆಲ್ಲ ಮೊದಲೇ ಬರೆದಿಟ್ಟ ನಾಟಕ ಭಾವ" ಎಂದೆ ನಾನು, ಸಮಾಧಾನ ಹೇಳುವವನಂತೆ.

ಭಾವ ನನ್ನ ಕಡೆ ತಿರುಗಿದರು. "ನಿನ್ನ ಟೈಮ್ ಟೇಬಲ್ಲೂ ಮೊದಲೇ ಬರೆದಿಟ್ಟಿದ್ದೇ ಅಲ್ವಾ ಮೇಷ್ಟ್ರೇ? ಅದನ್ನ ನೋಡೋಕೆ ಒಬ್ಬನಾದ್ರೂ ಟಿಕೆಟ್ ತಗೊಂಡು ಬಂದಿದಾನಾ?"

ಹೀಗಿದ್ದ ಭಾವ ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಶಿವಮೊಗ್ಗದ ಆಸ್ಪತ್ರೆಗೆ ತಂದೆವು. ಸ್ಟ್ರೆಚರಿನ ಮೇಲೆ ನೋವಿನಿಂದ ಮುಲುಗುತ್ತಲೇ ನನ್ನ ಕೈ ಹಿಡಿದು ಹೇಳಿದ ಮೊದಲ ಮಾತು: "ತಪ್ಪಾಗಿ ಬಿದ್ದುಬಿಟ್ಟೆ ಮಾರಾಯ. ಗದ್ದ ಎದೆಗೆ ಒತ್ತಿ, ಬೆನ್ನು ಪೂರ್ತಿ ನೆಲಕ್ಕೆ ತಾಗೋ ಹಂಗೆ ಬೀಳ್ಬೇಕಿತ್ತು. ಇಷ್ಟು ವರ್ಷ ನೋಡಿದ್ದೆಲ್ಲ ದಂಡ."

ಮೂಳೆಗೆ ರಾಡು ಹಾಕಿ ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನೂ ಅಕ್ಕನನ್ನೂ ಪಕ್ಕಕ್ಕೆ ಕರೆದರು. ವಾಕರ್ ಹಿಡಿದು ಅವರಾಗಿಯೇ ಎದ್ದು ನಿಲ್ಲಬೇಕು. ಮುಂದಿನ ತಪಾಸಣೆಯೊಳಗೆ ನಿಲ್ಲದಿದ್ದರೆ ಆಮೇಲೆ ಕಾಲು ಸೋತು ಮಂಚವೇ ಗತಿಯಾಗಬಹುದು ಎಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ಅಂದೇ ಸಂಜೆ ಸ್ಕೇಲು, ಕೆಂಪು ಪೆನ್ನು ಹಿಡಿದು ಕೂತೆ.

ಎಂಥಾ ವೇಳಾಪಟ್ಟಿ ಗೊತ್ತೇ! ಏಳಕ್ಕೆ ಪಾದದ ವ್ಯಾಯಾಮ, ಎಂಟಕ್ಕೆ ಮಂಡಿ, ಹತ್ತಕ್ಕೆ ಎದ್ದು ನಿಲ್ಲುವ ಅಭ್ಯಾಸ. ಭಾವನ ಮಂಚದ ಎದುರಿನ ಗೋಡೆಗೆ ಅಂಟಿಸಿದೆ. ಮಂಗಳವಾರ, ಶನಿವಾರ ಭದ್ರಾವತಿಗೆ ಬಸ್ಸು ಹತ್ತಿ ಹೋಗಿ ನಾನೇ ಮಾಡಿಸತೊಡಗಿದೆ. ನಾನು ಭಾವನ ಶತ್ರುವಾದದ್ದು ಹೀಗೆ. ಪಾದ ಆಡಿಸಿದರು, ಮಂಡಿ ಮಡಿಸಿದರು. ಎದ್ದು ನಿಲ್ಲುವ ಹೊತ್ತಿಗೆ ಮಾತ್ರ ಒಂದಲ್ಲ ಒಂದು ತಕರಾರು. ತಲೆ ಸುತ್ತುತ್ತದೆ. ನೆಲ ತಣ್ಣಗಿದೆ. "ನನ್ನನ್ನೇನು ಸಕ್ರೆಬೈಲು ಕ್ಯಾಂಪಿನ ಪಳಗಿದ ಆನೆ ಅಂದ್ಕೊಂಡ್ಯಾ, ನೀನು ಹೇಳಿದಾಗೆಲ್ಲ ಏಳೋಕೆ?" ನಾನು ಶಾಲೆಯ ಮೈದಾನದ ದನಿಯಲ್ಲಿ, "ಒಂದು! ಎರಡು! ಮೂರು!" ಎಂದು ಶುರು ಮಾಡುತ್ತಿದ್ದೆ. ನಾನು ಹತ್ತು ಮುಟ್ಟುವಾಗ ಭಾವ ಹಾಸಿಗೆಯ ಅಂಚಿನಲ್ಲಿ ವಾಕರ್ ಹಿಡಿದು ಕೂತೇ ಇರುತ್ತಿದ್ದರು. ಸೋಮಾರಿತನ ಎಂದೆ. ಹಟ ಎಂದೆ. ಅಡುಗೆಮನೆಗೆ ಹೋಗಿ ಅಕ್ಕನಿಗೂ ಹೇಳಿದೆ. ಅವಳು ಸಾರಿನ ಸೌಟು ಹಿಡಿದೇ ಬಾಗಿಲಿಗೆ ಬಂದು ಭಾವನನ್ನು ನೋಡಿದಳು.

ತಪಾಸಣೆಗೆ ಮೂರು ದಿನ ಉಳಿದಿತ್ತು. ಆ ಶನಿವಾರ ಮೊದಲ ಬಸ್ಸಿಗೇ ಹೋದೆ. ಕುಸ್ತಿ ನಡೆಯುತ್ತಿತ್ತು. ಸಾಬರು ಮೊಬೈಲು ಜೋಡಿಸಿ ಗ್ಯಾರೇಜಿಗೆ ಹೋಗಿದ್ದರು. ಟಿವಿಯಲ್ಲಿ ಒಬ್ಬ ಮಕಾಡೆ ಬಿದ್ದಿದ್ದ. ರೆಫರಿ ಹತ್ತು ಎಣಿಸುವುದರೊಳಗೆ ಅವನು ಎದ್ದು ನಿಲ್ಲಬೇಕು. ರೆಫರಿ ಆರು ಅಂದ, ಏಳು ಅಂದ, ಆಮೇಲೆ ಯಾವುದೋ ಯೋಚನೆಗೆ ಬಿದ್ದವನಂತೆ ನಿಂತ. ನನಗೆ ಮೈಯೆಲ್ಲ ಉರಿಯಿತು.

"ನೋಡಿ ಭಾವ, ಎಂಥಾ ಮೋಸ! ಏಳಕ್ಕೂ ಎಂಟಕ್ಕೂ ನಡುವೆ ಒಂದು ಕಾಫಿ ಕುಡೀಬಹುದು. ಹೀಗಾ ಎಣಿಸೋದು?"

ಭಾವ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಹೀಗೇ ಎಣಿಸೋದು. ಅವನು ಬಿದ್ದೋನ ಮುಖ ನೋಡ್ಕೊಂಡು ಎಣಿಸ್ತಿದಾನೆ ಮೇಷ್ಟ್ರೇ. ಏಳ್ತೀನಿ ಅಂತ ಅವನು ಮೊಣಕೈ ಊರಿದ್ದು ಕಾಣ್ಲಿಲ್ವಾ ನಿನಗೆ?"

ಬಿದ್ದವನು ಎದ್ದ. ಜನ ಕೂಗಿದರು. ಭಾವ ರಿಮೋಟು ತೆಗೆದುಕೊಂಡು, ಇನ್ನೂ ಆಟ ಬಾಕಿಯಿದ್ದಾಗಲೇ, ಟಿವಿ ಆರಿಸಿದರು. ಅಂಥದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಹೆದರ್ಕೆ ಆಗುತ್ತೆ ಕಣೋ" ಎಂದರು. ದನಿ ಸಣ್ಣಗಿತ್ತು. "ನೀನು ಒಂದು ಎರಡು ಅಂತ ಶುರು ಮಾಡ್ತೀಯ. ಕಾಲು ನೆಲಕ್ಕೆ ತಾಗ್ತಾ ಅಂತ ನನಗೆ ಗೊತ್ತಾಗೋ ಮುಂಚೆ ನಿಂದು ಹತ್ತಾಗಿರುತ್ತೆ. ಮುಗೀತು, ಸೋತೆ ಅನ್ಸುತ್ತೆ. ಇವಳು ಬಾಗ್ಲಲ್ಲಿ ನಿಂತು ನೋಡ್ತಿರ್ತಾಳೆ."

ಅಕ್ಕ ಬಾಗಿಲಲ್ಲೇ ಇದ್ದಳು.

ನಾನು ವಾಕರ್ ಅನ್ನು ಮಂಚದ ಹತ್ತಿರಕ್ಕೆ ಎಳೆದು ಅವರ ಎದುರು ಕುಕ್ಕರುಗಾಲಲ್ಲಿ ಕೂತೆ. ಒಂದು ಎಂದೆ. ಕಾಲುಗಳು ನೆಲಕ್ಕೆ ಬಂದವು. ಬೆರಳುಗಳು ನೆಲವನ್ನು ತಡವಿ ನೋಡಿದವು. ಅಷ್ಟಾದ ಮೇಲೆ ಎರಡು ಎಂದೆ. ಕೈಗಳು ವಾಕರನ್ನು ಹಿಡಿದವು, ಬಿಟ್ಟವು, ಮತ್ತೆ ಹಿಡಿದವು. ಹೀಗೆ ಎಂಟು ಮುಟ್ಟುವಾಗ ಭಾವ ಹಾಸಿಗೆಯಿಂದ ಒಂದು ಗೇಣು ಮೇಲೆದ್ದಿದ್ದರು. ಅರ್ಧದಲ್ಲೇ ತಡೆದರು. ತೋಳು ನಡುಗುತ್ತಿತ್ತು. ತುಟಿ ಕಚ್ಚಿಕೊಂಡಿದ್ದರು. ಇಷ್ಟು ಹತ್ತಿರದಿಂದ ಅವರ ಮುಖವನ್ನು ನಾನು ಎಂದಾದರೂ ನೋಡಿದ್ದೆನೇ? ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು. ಅಕ್ಕ ಕದಲಲಿಲ್ಲ. ನಾನೂ ಒಂಬತ್ತು ಎನ್ನಲಿಲ್ಲ.

ಮಂಡಿ ನಿಧಾನವಾಗಿ ನೆಟ್ಟಗಾಯಿತು. ಆಮೇಲೆ ಸೊಂಟ. ಆಮೇಲೆ ಬೆನ್ನು. ಭಾವ ನಿಂತಿದ್ದರು. ನಾನು ತಲೆ ಎತ್ತಿ ನೋಡಬೇಕಾದಷ್ಟು ಎತ್ತರಕ್ಕೆ, ಬೆವೆತು, ಏದುಸಿರು ಬಿಡುತ್ತಾ ನಿಂತಿದ್ದರು.

"ಒಂಬತ್ತು ಎಲ್ಲಿ ಮೇಷ್ಟ್ರೇ?" ಎಂದರು.

ಎಣಿಸಿ ಎಣಿಸಿ ಒಂದು ಜನ್ಮಕ್ಕಾಗುವಷ್ಟು ಮಕ್ಕಳನ್ನು ಕುಣಿಸಿದ ನಾನು, ಎಂಟಾದ ಮೇಲೆ ಏನೆನ್ನಬೇಕೆಂದು ತೋಚದೆ, ಅವರ ಪಾದದ ಬಳಿ ಹಾಗೆಯೇ ಕೂತಿದ್ದೆ.